ನಡೆಯಬಲ್ಲವರು ಮನೆಯಿಂದ ಏಕೆ ಹೊರಡುತ್ತಿಲ್ಲ?

ಪ್ರಶ್ನೆ: ನಮ್ಮ ಅಣ್ಣನವರಿಗೆ 58 ವರ್ಷ. ಒಂಬತ್ತು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಬಲಗೈ ಮತ್ತು ಬಲಗಾಲು ಸೋತಿದ್ದವು. ನಾಲ್ಕು ತಿಂಗಳು ತಪ್ಪದೆ ಫಿಸಿಯೋಥೆರಪಿ ಮಾಡಿಸಿದೆವು. ಕೊನೆಯ ತಪಾಸಣೆಯಲ್ಲಿ ಆರು ನಿಮಿಷಕ್ಕೆ 300 ಮೀಟರ್ ನಡೆದರು, ಬಲಗೈಯಲ್ಲಿ ಲೋಟ ಎತ್ತಿದರು, ಅಂಗಿಯ ಗುಂಡಿ ಹಾಕಿಕೊಂಡರು. ಚೇತರಿಕೆ ಚೆನ್ನಾಗಿದೆ ಎಂದು ಹೇಳಿ ಕಳುಹಿಸಿದರು. ಆದರೆ ಮನೆಯಲ್ಲಿ ದಿನವಿಡೀ ಕುರ್ಚಿ ಬಿಟ್ಟು ಏಳುವುದಿಲ್ಲ. ಎಲ್ಲಕ್ಕೂ ಎಡಗೈಯನ್ನೇ ಮುಂದೆ ಮಾಡುತ್ತಾರೆ. ಮೊದಲು ಪ್ರತಿ ಸಂಜೆ ಗ್ರಂಥಾಲಯಕ್ಕೆ ಹೋಗಿ, ಅಲ್ಲೇ ಗೆಳೆಯರೊಡನೆ ಚದುರಂಗ ಆಡಿ ಬರುತ್ತಿದ್ದವರು, ಅರ್ಧ ಕಿಲೋಮೀಟರ್ ಕೂಡ ಇಲ್ಲದ ಆ ಜಾಗಕ್ಕೆ ಈಗ ಕರೆದರೆ ‘ನಾಳೆ ನೋಡೋಣ’ ಎನ್ನುತ್ತಾರೆ. ಇದು ಸೋಮಾರಿತನವೇ? ಥೆರಪಿಯನ್ನು ಇನ್ನೂ ಹೆಚ್ಚಿಸಬೇಕೇ? ದಿನಕ್ಕೆ ಎಷ್ಟು ಹೆಜ್ಜೆ ನಡೆಸಬೇಕು? ಇಷ್ಟು ತಡವಾದ ಮೇಲೆ ಪ್ರಯತ್ನಿಸಿ ಪ್ರಯೋಜನವಿದೆಯೇ?

ಉತ್ತರ: ಮೊದಲ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ, ಏಕೆಂದರೆ ಅದರ ಉತ್ತರ ಸರಿಹೋಗದೆ ಉಳಿದವುಗಳಿಗೆ ಅರ್ಥವಿಲ್ಲ. ಇದನ್ನು ಸೋಮಾರಿತನ ಎಂದು ಕರೆಯುವುದು ತಪ್ಪಾಗುತ್ತದೆ. ನೀವು ವರ್ಣಿಸಿರುವ ಸ್ಥಿತಿ, ಪುನಶ್ಚೇತನ ಚಿಕಿತ್ಸೆಯ ಸಂಶೋಧಕರು ಕಳೆದ ಎರಡು ದಶಕಗಳಲ್ಲಿ ಬೇರೆ ಬೇರೆ ಕಾಯಿಲೆಗಳಲ್ಲಿ, ಬೇರೆ ಬೇರೆ ಅಳತೆಗೋಲುಗಳಿಂದ ಮತ್ತೆ ಮತ್ತೆ ಕಂಡಿರುವ ಸಂಗತಿಯೇ ಆಗಿದೆ: ಒಬ್ಬ ವ್ಯಕ್ತಿ ಏನನ್ನು ಮಾಡಬಲ್ಲರು ಎಂಬುದು ಒಂದು, ದಿನನಿತ್ಯ ಏನನ್ನು ಮಾಡುತ್ತಾರೆ ಎಂಬುದು ಇನ್ನೊಂದು, ಮೊದಲನೆಯದು ಸುಧಾರಿಸಿದ ಮಾತ್ರಕ್ಕೆ ಎರಡನೆಯದು ತಾನಾಗಿ ಹಿಂಬಾಲಿಸಿ ಬರುವುದಿಲ್ಲ.

ಈ ವ್ಯತ್ಯಾಸಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು 2001ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ವಿಶ್ವ ಆರೋಗ್ಯ ಸಭೆಯು, ವ್ಯಕ್ತಿಯ ದೇಹದ ಕಾರ್ಯವನ್ನೂ ದಿನನಿತ್ಯದ ಬದುಕಿನ ಅಡೆತಡೆಗಳನ್ನೂ ವಿವರಿಸುವ ಐಸಿಎಫ್ ಎಂಬ ಅಂತಾರಾಷ್ಟ್ರೀಯ ವರ್ಗೀಕರಣವನ್ನು ಅಂಗೀಕರಿಸಿತು. 1980ರಲ್ಲಿ ಬಂದಿದ್ದ ಹಳೆಯ ವರ್ಗೀಕರಣವು ಕಾಯಿಲೆಯಿಂದ ದೌರ್ಬಲ್ಯ, ದೌರ್ಬಲ್ಯದಿಂದ ಅಸಾಮರ್ಥ್ಯ, ಅದರಿಂದ ಸಾಮಾಜಿಕ ಹಿನ್ನಡೆ ಎಂದು ಒಂದೇ ದಿಕ್ಕಿನ ಸರಪಳಿಯನ್ನು ಕಲ್ಪಿಸಿತ್ತು. ಹೊಸದು ಆ ಸರಪಳಿಯನ್ನು ಬಿಚ್ಚಿಟ್ಟಿತು. ಶರೀರದ ರಚನೆ ಮತ್ತು ಕಾರ್ಯ, ಚಟುವಟಿಕೆ, ಬದುಕಿನಲ್ಲಿ ಪಾಲ್ಗೊಳ್ಳುವಿಕೆ ಇವೆಲ್ಲ ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಸುತ್ತಲಿನ ಪರಿಸರ ಮತ್ತು ವ್ಯಕ್ತಿಯ ಸ್ವಭಾವ, ಹಿನ್ನೆಲೆಗಳು ಎಲ್ಲದರೊಳಗೂ ಕೈಯಾಡಿಸುತ್ತವೆ ಎಂದು ಅದು ಹೇಳಿತು. ಜೊತೆಗೆ ‘ಸಾಮರ್ಥ್ಯ’ ಮತ್ತು ‘ನಿರ್ವಹಣೆ’ ಎಂಬ ಎರಡನ್ನು ಬೇರೆ ಬೇರೆಯಾಗಿ ಗುರುತಿಸಬೇಕೆಂದಿತು: ಅನುಕೂಲವಾದ, ಒಂದೇ ತೆರನಾದ ಪರೀಕ್ಷಾ ಸನ್ನಿವೇಶದಲ್ಲಿ ಮಾಡಬಲ್ಲದ್ದು ಸಾಮರ್ಥ್ಯ, ತಾನಿರುವ ಜಾಗದಲ್ಲಿ ನಿಜಕ್ಕೂ ಮಾಡುವುದು ನಿರ್ವಹಣೆ. ಅಂದಹಾಗೆ, ಪುನಶ್ಚೇತನ ಚಿಕಿತ್ಸೆಗೆ ಕನ್ನಡದಲ್ಲಿ ‘ಪುನರ್ವಸತಿ’ ಎಂಬ ಪದವೂ ಬಳಕೆಯಲ್ಲಿದೆ; ಕೇಳಿದ ತಕ್ಷಣ ಮನೆಮಠ ಕಳೆದುಕೊಂಡವರು ನೆನಪಾಗುವುದರಿಂದ ನಾನು ಆ ಪದವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಆದರೆ ನಿಮ್ಮ ಅಣ್ಣನವರ ವಿಷಯದಲ್ಲಿ ಅದು ಅಷ್ಟೇನೂ ತಪ್ಪಲ್ಲ ಎನಿಸುತ್ತದೆ: ಅವರು ತಮ್ಮ ಹಿಂದಿನ ಬದುಕಿನಲ್ಲಿ ಮತ್ತೆ ನೆಲೆಸಬೇಕಾಗಿದೆ.

ನೀವು ಕೊಟ್ಟಿರುವ ಅಳತೆಯನ್ನೇ ತೆಗೆದುಕೊಳ್ಳೋಣ. ಆರು ನಿಮಿಷಕ್ಕೆ 300 ಮೀಟರ್ ಎಂದರೆ ಸೆಕೆಂಡಿಗೆ ಸುಮಾರು 0.83 ಮೀಟರ್. ಪಾರ್ಶ್ವವಾಯುವಿನ ನಂತರದ ನಡಿಗೆಯನ್ನು ವಿಂಗಡಿಸಲು 1995ರಿಂದ ಬಳಕೆಯಲ್ಲಿರುವ ಒಂದು ಕ್ರಮವಿದೆ. ಅದರಂತೆ ಸೆಕೆಂಡಿಗೆ 0.4 ಮೀಟರ್‌ಗಿಂತ ನಿಧಾನವಾಗಿ ನಡೆಯುವವರು ಮನೆಯೊಳಗಷ್ಟೇ ಓಡಾಡುತ್ತಾರೆ, 0.4ರಿಂದ 0.8ರವರೆಗಿನವರು ಹೊರಗೆ ಸ್ವಲ್ಪ ಮಟ್ಟಿಗೆ ಓಡಾಡುತ್ತಾರೆ, 0.8 ದಾಟಿದವರು ಹೊರಗೆ ಸ್ವತಂತ್ರವಾಗಿ ಓಡಾಡಬಲ್ಲರು. ಆ ಕ್ರಮದಲ್ಲಿ ಲೆಕ್ಕ ಹಾಕುವುದು ಸಾಮಾನ್ಯವಾಗಿ ಕೆಲವೇ ಮೀಟರ್‌ಗಳ ನಡಿಗೆಯ ವೇಗವನ್ನು. ಆರು ನಿಮಿಷ ಸತತವಾಗಿ ಆ ವೇಗವನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಹೀಗಾಗಿ ಅಂಕಿಯ ದೃಷ್ಟಿಯಿಂದ ನಿಮ್ಮ ಅಣ್ಣನವರು ಗ್ರಂಥಾಲಯಕ್ಕೆ ನಡೆದು ಹೋಗಬಲ್ಲವರು. ಆದರೂ ಹೋಗುತ್ತಿಲ್ಲ. ಆ ಪರೀಕ್ಷೆಯ ನೆಲ ಸಮತಟ್ಟಾಗಿತ್ತು, ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಪಕ್ಕದಲ್ಲಿ ಥೆರಪಿಸ್ಟ್ ಇದ್ದರು, ನಡೆಯುವುದೊಂದನ್ನು ಬಿಟ್ಟು ಬೇರೆ ಯಾವುದರ ಕಡೆಗೂ ಗಮನ ಕೊಡಬೇಕಾಗಿರಲಿಲ್ಲ. ಬೀದಿಯಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ.

ಕೈಯ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಲ್ಯಾಂಗ್ ಮತ್ತು ಸಹೋದ್ಯೋಗಿಗಳು ಮೊದಲು, ಥೆರಪಿಯ ಹೊತ್ತಿನಲ್ಲಿ ರೋಗಿಗಳು ನಿಜಕ್ಕೂ ಎಷ್ಟು ಅಭ್ಯಾಸ ಮಾಡುತ್ತಾರೆಂದು ಪಕ್ಕದಲ್ಲಿ ಕುಳಿತು ಎಣಿಸಿದರು. 2009ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಕೈಗೆ ಉಪಯುಕ್ತ ಕೆಲಸಗಳ ಅಭ್ಯಾಸ ನಡೆದ ಒಂದು ಅವಧಿಯಲ್ಲಿ ಸರಾಸರಿ ಕೇವಲ 32 ಬಾರಿ ಅಭ್ಯಾಸವಾಗುತ್ತಿತ್ತು. ಹಾಗಾದರೆ ಸಂಖ್ಯೆಯನ್ನು ಹೆಚ್ಚಿಸಿದರೆ ಸಮಸ್ಯೆ ಬಗೆಹರಿಯಬೇಕಲ್ಲವೇ ಎಂದು ಅದೇ ತಂಡ ಮುಂದೆ ಎಂಟು ವಾರಗಳಲ್ಲಿ 3,200ರಿಂದ 9,600 ಬಾರಿಯವರೆಗೆ ಅಭ್ಯಾಸ ಮಾಡಿಸಿ ನೋಡಿತು. ವಸ್ತುಗಳನ್ನು ಹಿಡಿಯುವ, ಎತ್ತುವ, ಸರಿಸುವ ಪರೀಕ್ಷೆಯಲ್ಲಿ ಅಂಕಗಳೇನೋ ಏರಿದವು, ಆದರೆ ಹೆಚ್ಚು ಬಾರಿ ಮಾಡಿದವರಿಗೆ ಹೆಚ್ಚು ಲಾಭವೇನೂ ಆಗಲಿಲ್ಲ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು 2017ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಫಲಿತಾಂಶ. ಅದರಲ್ಲಿ 78 ಜನರ ಎರಡೂ ಮಣಿಕಟ್ಟುಗಳಿಗೆ ಗಡಿಯಾರದಂತೆ ಕಟ್ಟುವ, ಚಲನೆಯನ್ನು ಅಳೆಯುವ ಆಕ್ಸೆಲೆರೊಮೀಟರ್ ತೊಡಿಸಿ, ಮನೆಯಲ್ಲಿ ಸೋತ ಕೈಯನ್ನು ಎಷ್ಟು ಬಳಸುತ್ತಾರೆಂದು ನೋಡಿದ್ದರು. ಪ್ರಯೋಗಾಲಯದಲ್ಲಿ ಕೈ ಸುಧಾರಿಸಿತ್ತು. ಮನೆಯಲ್ಲಿ ಅದರ ಬಳಕೆ ಹೆಚ್ಚಿರಲಿಲ್ಲ.

ಇದು ಪಾರ್ಶ್ವವಾಯುವಿಗಷ್ಟೇ ಸೀಮಿತವಾದ ವಿಚಿತ್ರವೂ ಅಲ್ಲ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಾದ ಸಿಒಪಿಡಿ ಇರುವವರು ಉಸಿರಾಟದ ಪುನಶ್ಚೇತನ ಚಿಕಿತ್ಸೆಗೆ ಬಂದಾಗ ಏನಾಗುತ್ತದೆ ಎಂಬುದರ ಬಗ್ಗೆ 2008ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನವಿದೆ. ಮೂರು ತಿಂಗಳಿಗೆ ಅವರ ವ್ಯಾಯಾಮ ಸಾಮರ್ಥ್ಯ, ಸ್ನಾಯುಬಲ ಹೆಚ್ಚಿದ್ದವು, ಆದರೆ ದಿನದಲ್ಲಿ ನಡೆಯುವ ಸಮಯ ಗಮನಾರ್ಹವಾಗಿ ಹೆಚ್ಚಿದ್ದು ಆರು ತಿಂಗಳ ಹೊತ್ತಿಗೆ. ಶರೀರ ಮೊದಲು ಬದಲಾಗುತ್ತದೆ, ರೂಢಿ ನಿಧಾನವಾಗಿ ಬದಲಾಗುತ್ತದೆ. ನಮ್ಮ ಬಹುತೇಕ ಚಿಕಿತ್ಸಾ ಕಾರ್ಯಕ್ರಮಗಳು ಶರೀರ ಬದಲಾದ ಕೂಡಲೇ ಮುಗಿದುಹೋಗುತ್ತವೆ ಎಂಬುದು ನನ್ನ ಬಹುದಿನದ ದೂರು.

ಸೋತ ಕೈಯನ್ನು ಬಳಸದಿರುವುದರ ಹಿಂದಿನ ಕಾರಣವನ್ನು ಎಡ್ವರ್ಡ್ ಟಾಬ್ ಎಂಬ ಮನೋವಿಜ್ಞಾನಿ ‘ಕಲಿತ ಅನುಪಯೋಗ’ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಆರಂಭದ ವಾರಗಳಲ್ಲಿ ಕೈ ನಿಜಕ್ಕೂ ಮಾತು ಕೇಳುವುದಿಲ್ಲ. ಯತ್ನಿಸಿದಾಗಲೆಲ್ಲ ಲೋಟ ಬೀಳುತ್ತದೆ, ಅನ್ನ ಚೆಲ್ಲುತ್ತದೆ, ಇನ್ನೊಂದು ಕೈ ಅದೇ ಕೆಲಸವನ್ನು ಸಲೀಸಾಗಿ ಮುಗಿಸುತ್ತದೆ. ಹೀಗೆ ಮಿದುಳು ಸೋತ ಕೈಯನ್ನು ಕೇಳುವುದನ್ನೇ ಬಿಡುತ್ತದೆ. ಕೆಲವು ತಿಂಗಳ ನಂತರ ಆ ಕೈಗೆ ಬಲ ಬಂದಿದ್ದರೂ ಬಿಟ್ಟ ಅಭ್ಯಾಸ ಹಾಗೆಯೇ ಉಳಿದಿರುತ್ತದೆ. ಒಳ್ಳೆಯ ಕೈಗೆ ಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿದ್ದು ಈ ತಿಳಿವಳಿಕೆಯಿಂದ. 222 ಜನರ ಮೇಲೆ ನಡೆದು 2006ರಲ್ಲಿ ಫಲಿತಾಂಶ ಪ್ರಕಟವಾದ ಎಕ್ಸೈಟ್ ಎಂಬ ಪ್ರಯೋಗದಲ್ಲಿ, ಎರಡು ವಾರಗಳ ಕಾಲ ಎಚ್ಚರವಿರುವ ಹೊತ್ತಿನ ಶೇಕಡ 90ರಷ್ಟು ಸಮಯ ಗವಸು ತೊಡುವ ಗುರಿ ಇಟ್ಟಿದ್ದರು. ಸಾಮಾನ್ಯ ಆರೈಕೆ ಪಡೆದವರಿಗಿಂತ ಇವರ ಕೈ ಹೆಚ್ಚು ಸುಧಾರಿಸಿತು. ಇದರಲ್ಲಿ ಗವಸು ಕಣ್ಣಿಗೆ ಬೀಳುವ ಭಾಗ, ಆದರೆ ಅದೇ ಮುಖ್ಯ ಭಾಗವಲ್ಲ ಎಂದು ಟಾಬ್ ಅವರ ತಂಡ ನಂತರ ತೋರಿಸಿತು. ರೋಗಿಯೊಡನೆ ಬರಹದಲ್ಲಿ ಒಂದು ಒಪ್ಪಂದ ಮಾಡಿಕೊಳ್ಳುವುದು, ಮನೆಯಲ್ಲಿ ಯಾವ ಯಾವ ಕೆಲಸಕ್ಕೆ ಆ ಕೈ ಬಳಸಿದಿರಿ ಎಂದು ದಿನಚರಿ ಬರೆಸುವುದು, ಎಲ್ಲಿ ಅಡ್ಡಿಯಾಯಿತೆಂದು ಕೇಳಿ ಅದಕ್ಕೆ ಉಪಾಯ ಹುಡುಕುವುದು ಇವೆಲ್ಲವನ್ನೂ ಕೈಬಿಟ್ಟು ಬರೀ ತರಬೇತಿ ಕೊಟ್ಟಾಗ, ಮನೆಯಲ್ಲಿನ ಬಳಕೆಯ ಸುಧಾರಣೆ ತೀರಾ ಕಡಿಮೆಯಾಯಿತು. ಅಂದರೆ ಥೆರಪಿಯ ಕೋಣೆಯಿಂದ ಮನೆಗೆ ದಾಟಿಸುವ ಕೆಲಸವೇ ಚಿಕಿತ್ಸೆಯ ಅರ್ಧಕ್ಕಿಂತ ಹೆಚ್ಚಿನ ಭಾಗ.

ಇನ್ನು ‘ನಾಳೆ ನೋಡೋಣ’ ಎಂಬ ಮಾತು. ಅದನ್ನು ಆಲಸ್ಯವೆಂದು ತೀರ್ಮಾನಿಸುವ ಮೊದಲು ಎರಡು ಸಂಗತಿಗಳನ್ನು ವೈದ್ಯರ ಬಳಿ ಪರಿಶೀಲಿಸಿಕೊಳ್ಳಿ. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಅದು ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲದಿರುವಿಕೆಯಾಗಿಯೂ ಕಾಣಿಸಿಕೊಳ್ಳಬಹುದು. ವಿಶ್ರಾಂತಿಯಿಂದ ನೀಗದ ಆಯಾಸವೂ ಬಹಳ ಸಾಮಾನ್ಯ. ಹೊರಗಿನಿಂದ ಅದು ಆಲಸ್ಯದಂತೆಯೇ ಕಾಣುತ್ತದೆ. ಇವೆರಡರ ಆಚೆಗೆ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಕಾರಣಗಳಿರುತ್ತವೆ: ಬಿದ್ದುಬಿಟ್ಟೇನೆಂಬ ಭಯ, ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಎಂಬ ಅಳುಕು, ಮಾತು ತೊದಲಿದರೆ ಎಂಬ ಸಂಕೋಚ, ಎದುರಾಳಿಯಾಗಿ ಆಡುತ್ತಿದ್ದ ಗೆಳೆಯರ ಮುಂದೆ ಚದುರಂಗದ ಕಾಯಿ ಕೈಜಾರಿ ಬಿದ್ದರೆ ಎಂಬ ನಾಚಿಕೆ. ‘ಏಕೆ ಹೋಗುವುದಿಲ್ಲ’ ಎಂದು ಕೇಳಿದರೆ ಇವು ಹೊರಬರುವುದಿಲ್ಲ. ‘ಹೋದರೆ ಯಾವ ಜಾಗದಲ್ಲಿ ಕಷ್ಟವಾಗಬಹುದು’ ಎಂದು ಕೇಳಿ ನೋಡಿ. ನನ್ನ ಅನುಭವದಲ್ಲಿ ಆಗ ಉತ್ತರ ಸಿಗುತ್ತದೆ.

ಥೆರಪಿ ಹೆಚ್ಚಿಸಬೇಕೇ ಎಂಬುದಕ್ಕೆ ಹೌದು ಎಂದಾಗಲಿ ಇಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಹೆಚ್ಚು ಎಂದ ಮಾತ್ರಕ್ಕೆ ಒಳ್ಳೆಯದಲ್ಲ ಎಂಬುದಕ್ಕೆ ಬಲವಾದ ಸಾಕ್ಷ್ಯವಿದೆ. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2,104 ರೋಗಿಗಳನ್ನು ಒಳಗೊಂಡ ಅವರ್ಟ್ ಪ್ರಯೋಗದಲ್ಲಿ, ಪಾರ್ಶ್ವವಾಯುವಾದ 24 ಗಂಟೆಗಳೊಳಗೆ ಎಬ್ಬಿಸಿ ಮತ್ತೆ ಮತ್ತೆ ಓಡಾಡಿಸಿದವರ ಪೈಕಿ ಮೂರು ತಿಂಗಳಿಗೆ ಒಳ್ಳೆಯ ಸ್ಥಿತಿಯಲ್ಲಿದ್ದವರು ಶೇಕಡ 46. ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇಕಡ 50. 2015ರಲ್ಲಿ ಇದು ಪ್ರಕಟವಾದಾಗ ನಮ್ಮ ಕ್ಷೇತ್ರದಲ್ಲಿ ಅನೇಕರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ಲೀಪ್ಸ್ ಎಂಬ 2011ರ ಪ್ರಯೋಗವು 408 ಜನರಲ್ಲಿ, ದೇಹದ ಭಾರವನ್ನು ಪಟ್ಟಿಗಳಿಂದ ಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ವಿಧಾನವನ್ನು ಮನೆಗೇ ಬಂದು ಫಿಸಿಯೋಥೆರಪಿಸ್ಟ್ ಮಾಡಿಸುವ ಬಲ ಮತ್ತು ಸಮತೋಲನದ ವ್ಯಾಯಾಮದೊಂದಿಗೆ ಹೋಲಿಸಿತು. ಒಂದು ವರ್ಷದ ಕೊನೆಗೆ ಒಟ್ಟು ಶೇಕಡ 52ರಷ್ಟು ಜನರ ನಡಿಗೆಯ ಮಟ್ಟ ಸುಧಾರಿಸಿತ್ತು, ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ದುಬಾರಿ ಯಂತ್ರವಿರುವ ಕಡೆಗೆ ಅಣ್ಣನವರನ್ನು ಕರೆದೊಯ್ಯಬೇಕೆಂಬ ಆಲೋಚನೆ ನಿಮಗಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡಬಹುದು.

ಹಾಗಾದರೆ ಏನನ್ನು ಹೆಚ್ಚಿಸಬೇಕು? ಇಲ್ಲಿ ಬ್ರಿಟನ್ನಿನ ಎರಡು ಅಧ್ಯಯನಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅವು ನಿಮ್ಮ ಅಣ್ಣನವರ ಸಮಸ್ಯೆಯನ್ನೇ ನೇರವಾಗಿ ಎತ್ತಿಕೊಂಡಿವೆ. ಫಿಲಿಪ್ಪಾ ಲೋಗನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಮೊದಲನೆಯದರಲ್ಲಿ ಪಾರ್ಶ್ವವಾಯುವಾಗಿದ್ದ 168 ಜನರಿದ್ದರು. ಒಂದು ಗುಂಪಿಗೆ ಪ್ರಯಾಣದ ಅನುಕೂಲಗಳ ಬಗೆಗಿನ ಕರಪತ್ರಗಳನ್ನು ಕೊಟ್ಟು ಬಿಟ್ಟರು. ಇನ್ನೊಂದು ಗುಂಪಿನವರ ಮನೆಗೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವವರು) ಮೂರು ತಿಂಗಳಲ್ಲಿ ಗರಿಷ್ಠ ಏಳು ಬಾರಿ ಹೋಗಿ, ಎಲ್ಲಿಗೆ ಹೋಗಬೇಕೆಂಬ ಆಸೆಯಿದೆ ಎಂದು ಕೇಳಿ, ಅಲ್ಲಿಗೇ ಜೊತೆಯಾಗಿ ಹೋಗುವ ಅಭ್ಯಾಸ ಮಾಡಿಸಿದರು. ನಾಲ್ಕು ತಿಂಗಳ ಹೊತ್ತಿಗೆ ಒಂದು ತಿಂಗಳಲ್ಲಿ ಮನೆಯಿಂದ ಹೊರಗೆ ಹೋಗಿಬಂದ ಸಂಖ್ಯೆಯ ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ಮೊದಲ ಗುಂಪಿನಲ್ಲಿ 14, ಎರಡನೆಯದರಲ್ಲಿ 37 ಇತ್ತು. ಹತ್ತು ತಿಂಗಳಿಗೂ ಆ ಅಂತರ ಮುಚ್ಚಿರಲಿಲ್ಲ. ಏಳು ಭೇಟಿಗಳಲ್ಲಿ ಕಾಲಿನ ಬಲ ಅಷ್ಟೊಂದು ಹೆಚ್ಚಿರಲು ಸಾಧ್ಯವಿಲ್ಲ ಎಂಬುದನ್ನು ಗಮನಿಸಿ. ಹೊರಡುವ ಧೈರ್ಯ, ದಾರಿಯ ತಿಳಿವಳಿಕೆ, ಅಡ್ಡಿ ಎದುರಾದರೆ ಏನು ಮಾಡಬೇಕೆಂಬ ಸಿದ್ಧತೆ ಇವೇ ಬದಲಾಗಿರಬೇಕು.

ಎರಡನೆಯ, ದೊಡ್ಡ ಪ್ರಯೋಗ 568 ಜನರನ್ನು ಒಳಗೊಂಡಿತ್ತು. ಅದರ ಫಲಿತಾಂಶ 2014ರಲ್ಲಿ ಬಂದಾಗ ಚಿತ್ರ ಅಷ್ಟು ಸರಳವಾಗಿರಲಿಲ್ಲ: ಹೊರಗೆ ಹೋಗುವುದು ಸುಮಾರು ಶೇಕಡ 40ರಷ್ಟು ಹೆಚ್ಚಿತ್ತು, ಆದರೆ ಪ್ರಶ್ನಾವಳಿಯಿಂದ ಅಳೆದ ಸಾಮಾಜಿಕ ಬದುಕಿನ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದನ್ನು ಸೋಲೆಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ, ಆದರೂ ಒಂದು ಎಚ್ಚರಿಕೆಯನ್ನು ಅದರಿಂದ ತೆಗೆದುಕೊಳ್ಳುತ್ತೇನೆ. ಎಷ್ಟು ಬಾರಿ ಹೊರಗೆ ಹೋದರು ಎಂಬುದು ಎಣಿಕೆ. ಹೋದ ಕಡೆ ಅವರಿಗೊಂದು ಸ್ಥಾನವಿತ್ತೇ, ಅಲ್ಲಿ ಮಾಡಲು ಏನಾದರೂ ಇತ್ತೇ ಎಂಬುದು ಪಾಲ್ಗೊಳ್ಳುವಿಕೆ. ಅಂಗಡಿಯ ಬಾಗಿಲವರೆಗೆ ಹೋಗಿ ಮರಳುವುದನ್ನೂ ಗೆಳೆಯರೊಡನೆ ಒಂದು ಆಟ ಮುಗಿಸಿ ಬರುವುದನ್ನೂ ಪ್ರಯಾಣದ ಪಟ್ಟಿ ಒಂದೇ ಎಂದು ಎಣಿಸುತ್ತದೆ. ಆದ್ದರಿಂದ ‘ಒಂದು ಸುತ್ತು ನಡೆದು ಬಾ’ ಎಂದು ಅಣ್ಣನವರನ್ನು ಕಳುಹಿಸುವುದಕ್ಕಿಂತ, ಚದುರಂಗದ ಆಟವನ್ನೇ ಗುರಿಯಾಗಿಟ್ಟು ನಡಿಗೆಯನ್ನು ಅದರ ದಾರಿಯನ್ನಾಗಿ ಮಾಡುವುದು ಸರಿಯಾದ ಕ್ರಮ.

ಮೊದಲ ವಾರ ಗೆಳೆಯರಲ್ಲೊಬ್ಬರನ್ನು ಮನೆಗೇ ಕರೆಸಿ, ಬಲಗೈಯಿಂದಲೇ ಕಾಯಿ ನಡೆಸುವ ಷರತ್ತಿನ ಮೇಲೆ ಆಟ ಏರ್ಪಡಿಸಿ. ದೊಡ್ಡ ಕಾಯಿಗಳಿರುವ ಹಲಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಮುಂದಿನ ವಾರ ಜನಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ನೀವು ಜೊತೆಗೆ ಹೋಗಿ ದಾರಿ ನೋಡಿ ಬನ್ನಿ: ಎಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು, ಮೆಟ್ಟಿಲಿನ ಯಾವ ಬದಿಗೆ ಕಂಬಿಯಿದೆ, ಶೌಚಾಲಯ ಎಲ್ಲಿದೆ. ಆಮೇಲೆ ನಿಮ್ಮ ಜಾಗಕ್ಕೆ ಗೆಳೆಯರು ಬರಲಿ. ಹೋದ ದಿನ, ಕುಳಿತ ಹೊತ್ತು, ಅಡ್ಡಿಯಾದ ಸಂಗತಿ ಇಷ್ಟನ್ನು ಅವರೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಬರೆಯುವುದೂ ಬಲಗೈಗೆ ಕೆಲಸವೇ. ನೆದರ್ಲೆಂಡ್ಸ್‌ನ ಹಲವು ಪುನಶ್ಚೇತನ ಕೇಂದ್ರಗಳಲ್ಲಿ ಬಿಡುಗಡೆಯಾದವರೊಡನೆ ಸಲಹೆಗಾರರು ಫೋನಿನ ಮೂಲಕ ಸಂಪರ್ಕ ಉಳಿಸಿಕೊಂಡು, ಯಾವ ಚಟುವಟಿಕೆ ಹಿಡಿಸಿತು, ಯಾವುದು ನಿಂತುಹೋಯಿತು ಎಂದು ವಿಚಾರಿಸುವ ಏರ್ಪಾಡಿದೆ. ಅಂಥದ್ದು ಇಲ್ಲದ ಕಡೆ ಆ ದಿನಚರಿಯನ್ನು ವಾರಕ್ಕೊಮ್ಮೆ ಓದಿ ಕೇಳುವವರು ಒಬ್ಬರಿದ್ದರೂ ಸಾಕು.

ಮನೆಯವರ ಪಾತ್ರದ ಬಗ್ಗೆ ಎರಡು ಮಾತು. ಕುಟುಂಬದವರಿಗೇ ತರಬೇತಿ ಕೊಟ್ಟು ಅವರಿಂದಲೇ ಪುನಶ್ಚೇತನ ಚಿಕಿತ್ಸೆ ಮಾಡಿಸಿದರೆ ಹೇಗೆ ಎಂಬುದನ್ನು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ಪರೀಕ್ಷಿಸಿದ ಅಟೆಂಡ್ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಈ ಗುಂಪಿನಲ್ಲೂ ಸಾಮಾನ್ಯ ಆರೈಕೆ ಪಡೆದ ಗುಂಪಿನಲ್ಲೂ ಶೇಕಡ 47, ವ್ಯತ್ಯಾಸವೇ ಇರಲಿಲ್ಲ. ನಿಮ್ಮ ಶ್ರಮ ವ್ಯರ್ಥವೆಂದು ಇದರಿಂದ ತಿಳಿಯಬೇಡಿ, ಆದರೆ ನೀವು ಥೆರಪಿಸ್ಟ್ ಆಗಬೇಕಾಗಿಲ್ಲ ಎಂದು ಖಂಡಿತ ತಿಳಿಯಬಹುದು. ನಿಮ್ಮಿಂದ ಆಗಬೇಕಾದ ಕೆಲಸ ಬೇರೆ, ಬಹುಶಃ ಅದು ವ್ಯಾಯಾಮ ಮಾಡಿಸುವುದಕ್ಕಿಂತ ಕಷ್ಟದ್ದು: ಅವರು ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡಾಗ ಕೈ ಕಟ್ಟಿ ಕೂರುವುದು, ನೀರಿನ ಲೋಟವನ್ನು ಕುರ್ಚಿಯ ಬಳಿಗೆ ತಂದುಕೊಡದಿರುವುದು, ಟೀವಿಯ ರಿಮೋಟನ್ನು ಅವರ ಬಲಗಡೆಗೆ ಇಡುವುದು. ಮನೆಯನ್ನೂ ಒಮ್ಮೆ ಅವರ ಕಣ್ಣಿನಿಂದ ನೋಡಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕೇಪಬಲ್ ಎಂಬ ಕಾರ್ಯಕ್ರಮದಲ್ಲಿ, ದೈನಂದಿನ ಕೆಲಸಗಳು ಕಷ್ಟವಾಗಿದ್ದ ವೃದ್ಧರ ಮನೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಮತ್ತು ನರ್ಸ್ ಜೊತೆಗೆ ರಿಪೇರಿ ಕೆಲಸದವರನ್ನೂ ಕಳುಹಿಸಿದರು. 2019ರಲ್ಲಿ ಪ್ರಕಟವಾದ, 300 ಜನರ ಅಧ್ಯಯನದಲ್ಲಿ ಸ್ನಾನ, ಉಡುಪು, ಓಡಾಟಗಳಲ್ಲಿನ ತೊಂದರೆ ಹೋಲಿಕೆಯ ಗುಂಪಿಗಿಂತ ಹೆಚ್ಚು ಇಳಿಯಿತು. ಹಿಡಿಕೆ, ಕಂಬಿ, ಬೆಳಕು ಇವು ಚಿಕ್ಕ ಸಂಗತಿಗಳಂತೆ ಕಂಡರೂ, ಐಸಿಎಫ್ ಪರಿಸರಕ್ಕೆ ಪ್ರತ್ಯೇಕ ವಿಭಾಗವನ್ನೇ ಕೊಟ್ಟಿರುವುದು ಸುಮ್ಮನಲ್ಲ.

ಹೆಜ್ಜೆಗಳ ಲೆಕ್ಕಕ್ಕೆ ಬರೋಣ. ದಿನಕ್ಕೆ 10,000 ಎಂಬ ಸಂಖ್ಯೆ ಯಾವ ಪ್ರಯೋಗದಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿದ್ದರು, ಅದೇ ಹರಡಿತು. ಪಾರ್ಶ್ವವಾಯುವಾಗಿ ಬಹುಕಾಲವಾದವರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಗುವ ಸರಾಸರಿ ದಿನಕ್ಕೆ ಸುಮಾರು 4,000 ಹೆಜ್ಜೆ. ಅಣ್ಣನವರ ಒಂದು ವಾರದ ಸರಾಸರಿಯನ್ನು ಮೊದಲು ನೋಡಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಅಂಗವೈಕಲ್ಯ ಮತ್ತು ದೀರ್ಘಕಾಲದ ಕಾಯಿಲೆ ಇರುವವರಿಗೂ ಪ್ರತ್ಯೇಕ ಶಿಫಾರಸು ಕೊಟ್ಟಿದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಕುಳಿತಿರುವ ಹೊತ್ತನ್ನು ಕಡಿತಗೊಳಿಸುವುದು. ಮಾತನಾಡಲು ಆಗಬೇಕು, ಹಾಡಲು ಆಗಬಾರದು ಎಂಬಷ್ಟು ಏದುಸಿರು ಬಂದರೆ ಅದು ಮಧ್ಯಮ ತೀವ್ರತೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ಹಳೆಯ ಷರತ್ತನ್ನು ಕೈಬಿಟ್ಟಿರುವುದು ನಿಮ್ಮಂಥವರಿಗೆ ಒಳ್ಳೆಯ ಸುದ್ದಿ. ಅಡುಗೆಮನೆಗೆ ಹೋಗಿಬರುವುದೂ ಈಗ ಲೆಕ್ಕದಲ್ಲಿದೆ. ರಕ್ತದೊತ್ತಡ ಹತೋಟಿಯಲ್ಲಿದೆಯೇ ಎಂದು ತೀವ್ರತೆ ಹೆಚ್ಚಿಸುವ ಮೊದಲು ವೈದ್ಯರಲ್ಲಿ ಕೇಳಿ. ಎದೆನೋವು ಅಥವಾ ತಲೆ ತಿರುಗುವಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮುಖ ಸೊಟ್ಟಗಾದರೆ, ಮಾತು ಏಕಾಏಕಿ ತಡವರಿಸಿದರೆ ಅಥವಾ ದೌರ್ಬಲ್ಯ ಹೊಸದಾಗಿ ಕಾಣಿಸಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ತಡವಾಯಿತೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಆರು ತಿಂಗಳಾದ ಮೇಲೆ ಸುಧಾರಣೆ ನಿಂತುಹೋಗುತ್ತದೆ ಎಂಬ ಮಾತನ್ನು ನಿಮಗೂ ಯಾರಾದರೂ ಹೇಳಿರಬಹುದು. ಮೇಲೆ ಹೇಳಿದ ಲೀಪ್ಸ್ ಪ್ರಯೋಗದಲ್ಲಿ ಒಂದು ಗುಂಪಿಗೆ ಟ್ರೆಡ್‌ಮಿಲ್ ತರಬೇತಿ ಆರಂಭವಾದದ್ದೇ ಆರನೆಯ ತಿಂಗಳಲ್ಲಿ; ವರ್ಷದ ಕೊನೆಗೆ ಆ ಗುಂಪು ಉಳಿದವರ ಸರಿಸಮಕ್ಕೆ ಬಂದಿತ್ತು. ಎಕ್ಸೈಟ್ ಪ್ರಯೋಗದಲ್ಲಿ ಒಂದು ವರ್ಷ ಕಾದು ಚಿಕಿತ್ಸೆ ಪಡೆದವರ ಕೈಯೂ ಸುಧಾರಿಸಿತು, ಎರಡು ವರ್ಷಗಳ ಹೊತ್ತಿಗೆ ಬೇಗ ಪಡೆದವರಿಗೂ ಅವರಿಗೂ ಹೆಚ್ಚಿನ ಅಂತರವಿರಲಿಲ್ಲ. ಆ ಪ್ರಯೋಗಕ್ಕೆ ಮಣಿಕಟ್ಟು ಮತ್ತು ಬೆರಳುಗಳನ್ನು ಸ್ವಲ್ಪವಾದರೂ ಹಿಂದಕ್ಕೆ ಎತ್ತಬಲ್ಲವರನ್ನು ಮಾತ್ರ ಸೇರಿಸಿಕೊಂಡಿದ್ದರು. ಗುಂಡಿ ಹಾಕಿಕೊಳ್ಳಬಲ್ಲ ನಿಮ್ಮ ಅಣ್ಣನವರಿಗೆ ಅಷ್ಟು ಚಲನೆ ಇರಲೇಬೇಕು. ಮುಂದಿನ ತಪಾಸಣೆಗೆ ಹೋಗುವಾಗ ಅವರ ದಿನಚರಿಯನ್ನು ಜೊತೆಗೆ ಒಯ್ಯಿರಿ. ಆರು ನಿಮಿಷಕ್ಕೆ ಎಷ್ಟು ಮೀಟರ್ ನಡೆದರೆಂದು ಬರೆಯುವ ಕಡತದಲ್ಲೇ, ಆ ತಿಂಗಳು ಎಷ್ಟು ಸಂಜೆ ಗ್ರಂಥಾಲಯಕ್ಕೆ ಹೋದರು, ಎಷ್ಟು ಆಟ ಬಲಗೈಯಲ್ಲಿ ಆಡಿದರು ಎಂಬುದನ್ನೂ ಬರೆದುಕೊಳ್ಳುವಂತೆ ಥೆರಪಿಸ್ಟ್ ಅವರನ್ನು ಕೇಳಿ.